ಕೊರ್ಸಿಯ ಕೆಳಗೆ ಯಾರ ಕಾಲು

ಬಹ್ಮನ್ ತಿಂಗಳು 12, ಶುಕ್ರವಾರ

ಇವತ್ತೂ ಮಾಡಿನ ಹಿಮ ತಳ್ಳಿದ್ದೇ ಆಯಿತು. ಮಣ್ಣಿನ ಮಾಡು, ಬಿಟ್ಟರೆ ಕುಸಿಯುತ್ತದಂತೆ. ಇರಜ್ ಕೈಯಲ್ಲೊಂದು ಮರದ ಸಲಿಕೆ, ನನ್ನ ಕೈಯಲ್ಲೊಂದು. ತಳ್ಳಿ ಮುಗಿಸಿ ಏಣಿ ಇಳಿಯುವಷ್ಟರಲ್ಲಿ ಮತ್ತೆ ಬಿಳಿ. ಹನಿಮೂನ್ ಅಂತೆ ಹನಿಮೂನ್! ಅಂಗೈ ತುಂಬ ಬೊಬ್ಬೆ.

ಯಾರನ್ನೂ ಬೈಯುವಂತಿಲ್ಲ. ಹಿಮ ನೋಡಬೇಕು ಅಂದವಳು ನಾನೇ. ಬುಶೆಹ್ರ್ ಬಂದರಿನ ಉಪ್ಪುಗಾಳಿಯಲ್ಲಿ ಬೆಂದು ಬೆಳೆದವಳು, ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದು, ಅಷ್ಟೇ ಗೊತ್ತು. "ನಮ್ಮಜ್ಜಿ ಊರಿಗೆ ಹೋಗೋಣ, ಬೆಟ್ಟದ ಮೇಲೆ. ಬೇಕಾದಷ್ಟಿದೆ" ಅಂದ ಇರಜ್. ಇದೆ. ಬೇಡ ಅನ್ನುವಷ್ಟಿದೆ. ನಾಲ್ಕು ದಿನಕ್ಕೆ ಅಂತ ಬಂದದ್ದು. ಬಂದ ಮಾರನೇ ದಿನ ಕಣಿವೆಯ ದಾರಿ ಮುಚ್ಚಿತು. ಮೊಬೈಲ್ ಟವರೂ ಮಲಗಿದೆ.

ಮೇಲಿನ ಕೋಣೆಯಲ್ಲಿ ನಮಗೆ ಹಾಸಿಗೆ ಹಾಸಿದ್ದರು, ಪಾಪ. ಗುಲಾಬಿ ಸ್ಯಾಟಿನ್ ರಜಾಯಿ, ದಿಂಬಿನ ಮೇಲೆ ಒಣಗಿದ ಹೂವು. ಮೊದಲ ರಾತ್ರಿಯೇ ಲೋಟದ ನೀರು ಗಟ್ಟಿಯಾಯಿತು. ಅಜೀಜ್ — ಇರಜ್‌ನ ಅಜ್ಜಿ, ಮನೆಯವರೆಲ್ಲ ಹಾಗೇ ಕರೆಯುವುದು — ಬಂದು ಇಬ್ಬರ ಕೈಯನ್ನೂ ಹಿಡಿದು ಕೆಳಗೆ ಎಳೆದುಕೊಂಡು ಹೋದರು. "ಪ್ರೀತಿ ಎಲ್ಲೂ ಓಡಿಹೋಗಲ್ಲ. ಮೊದ್ಲು ಜೀವ ಉಳಿಸ್ಕೊಳ್ಳಿ."

ಕೆಳಗೆ ಬೆಚ್ಚಗಿರುವುದು ಕೊರ್ಸಿ ಒಂದೇ. ಗಿಡ್ಡ ಮೇಜು, ಅಡಿಯಲ್ಲಿ ಕೆಂಡ, ಮೇಲೆ ಕೋಣೆಯಗಲದ ರಜಾಯಿ. ನಾಲ್ಕು ಕಡೆ ನಾಲ್ಕು ಜನ ಮಲಗಿ ಕಾಲೆಲ್ಲ ಒಳಗೆ ತೂರಿಸುವುದು. ಒಂದು ಕಡೆ ಅಜೀಜ್. ಒಂದು ಕಡೆ ಅವರ ಮಗಳು ತೂಬಾ ಅತ್ತೆ — ಮದುವೆ ಆಗಿಲ್ಲ, ನಿದ್ದೆಯನ್ನಂತೂ ಮಾಡುವುದೇ ಇಲ್ಲ. ಎದುರಿಗೆ ನನ್ನ ಗಂಡ. ಮಧ್ಯೆ ಮೇಜು.

ಬಹ್ಮನ್ 13, ಬೆಳಿಗ್ಗೆ

ನಾಚಿಕೆಯಿಂದ ಸತ್ತೇಹೋದೆ. ದೀಪ ಆರಿದ ಮೇಲೆ ರಜಾಯಿಯ ಒಳಗೇ ಇರಜ್‌ನ ಕಾಲು ಹುಡುಕಿದೆ. ಸಿಕ್ಕಿತು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದೆ. ಆ ಕಾಲು ಅಲುಗಲಿಲ್ಲ. ಧೈರ್ಯ ಬಂತು, ಇನ್ನೊಂದು ಸಲ... ಕತ್ತಲಲ್ಲಿ ತೂಬಾ ಅತ್ತೆಯ ದನಿ: "ಮಹ್‌ರುಖ್, ಅದು ನನ್ನ ಕಾಲಮ್ಮ."

ಅಜೀಜ್ ಎದ್ದೇ ಇದ್ದರು! "ಹೋಗ್ಲಿ ಬಿಡೇ ತೂಬಾ. ನಿನ್ನ ಕಾಲನ್ನ ಈ ಜನ್ಮದಲ್ಲಿ ಒಬ್ಬರಾದ್ರೂ ಸವರಿದ್ರಲ್ಲ. ಸುಮ್ನೆ ಮಲ್ಕೋ."

ಆ ಕಡೆ ಇರಜ್‌ನ ಕಡೆಯ ರಜಾಯಿ ಕುಲುಕುತ್ತಿತ್ತು. ನಗುತ್ತಿದ್ದಾನೆ, ದರಿದ್ರದವನು.

ಬಹ್ಮನ್ 16, ಮಂಗಳವಾರ

ಇನ್ನು ನಗು ಬರುತ್ತಿಲ್ಲ. ಇಪ್ಪತ್ತೇಳಕ್ಕೆ, ಶನಿವಾರ, ನಾನು ಬಂದರಿನ ರೇಡಿಯೋ ಕೊಠಡಿಯಲ್ಲಿ ಡ್ಯೂಟಿಗೆ ಸೇರಬೇಕು. ಹಡಗಿನವರ ಜೊತೆ ಮಾತಾಡುವ ಕೆಲಸ. ಎಷ್ಟು ಕಾದಿದ್ದೆ ಅದಕ್ಕೆ! ಆ ಕೊಠಡಿಗೆ ಹೆಂಗಸನ್ನು ತೆಗೆದುಕೊಂಡದ್ದೇ ಮೊದಲು. ಒಂದು ದಿನ ತಡವಾದರೂ ಮುಂದಿನವನಿಗೆ ಹೋಗುತ್ತದೆ ಎಂದು ಮುಖಕ್ಕೇ ಹೇಳಿದ್ದಾರೆ. ತಡವಾಗಲಿ ಎಂದೇ ಕಾಯುತ್ತಿರುವವರೂ ಇದ್ದಾರೆ.

ತರಬೇತಿಯಲ್ಲಿ ಮೊದಲು ಕಲಿಸಿದ್ದು: ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಒಂದೇ ಸಲ. ಹಡಗು ಮರಳುದಿಬ್ಬಕ್ಕೆ ಬಡಿಯುವಾಗ ತಮ್ಮ ದಯೆ, ತಮ್ಮ ಆಶೀರ್ವಾದ ಅನ್ನುತ್ತ ಕೂತರೆ ಆದೀತೇ?

ಈ ಮನೆಯಲ್ಲಿ ಬೇರೆಯೇ ಭಾಷೆ. ಬೆಳಿಗ್ಗೆ ಅಜೀಜ್, "ವಸಂತದ ತನಕ ಇಲ್ಲೇ ಇದ್ಬಿಡಿ" ಅಂದರು. ಇರಜ್ ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಪಾದದ ಹತ್ರ ಜೀವಮಾನ ಇದ್ರೂ ಸಾಲದು ಅಜೀಜ್" ಅಂದ. ನನಗೆ ಚಹಾ ನೆತ್ತಿಗೇರಿತು.

ಜಗಳ ಆಡಲೂ ಜಾಗವಿಲ್ಲ ಈ ಮನೆಯಲ್ಲಿ. ದನದ ಕೊಟ್ಟಿಗೆಗೆ ಕರೆದೊಯ್ದೆ.

"ಯಾಕೆ ಹಾಗಂದೆ?"

"ಬಾಯುಪಚಾರಕ್ಕೆ ಕಣೇ. ಹಿರಿಯರಿಗೆ ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ?"

"ನನ್ನ ಕೆಲಸದ ವಿಷಯ ಹೇಳು ಮತ್ತೆ."

"ಹೇಳಿದ್ರೆ, ಓಡಿಹೋಗೋಕೆ ನೆಪ ಅಂದ್ಕೋತಾರೆ. ದಾರಿ ತೆಗೀಲಿ, ತಾನಾಗೇ ಆಗುತ್ತೆ ಬಿಡು."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ತಾವಿಲ್ಲ — ಹಾಗಾಗಿದೆ ನನ್ನ ಕತೆ. ಹಸು ಮೆಲುಕು ಹಾಕುತ್ತ ಇಬ್ಬರನ್ನೂ ನೋಡುತ್ತಿತ್ತು.

ಹೆಣ್ಣು ನೋಡಲು ಬಂದ ದಿನ ನಮ್ಮ ಮನೆ ಬಾಗಿಲಲ್ಲಿ ಇವನೂ ನನ್ನ ಅಪ್ಪನೂ ನೀವು ಮೊದಲು, ನೀವು ಮೊದಲು ಅನ್ನುತ್ತ ನಿಂತು ಚಹಾ ಆರಿಹೋಗಿತ್ತು. "ಎಂಥಾ ಸಂಸ್ಕಾರ ಹುಡುಗಂದು!" ಅಂದಳು ಅಮ್ಮ. ನಾನೂ ಪರದೆಯ ಹಿಂದೆ ನಿಂತು ಕರಗಿದ್ದೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಬಹ್ಮನ್ 20, ಶನಿವಾರ

 

ಮಧ್ಯಾಹ್ನ ಲೋಡರ್ ಬಂತು! ಹಿಮ ತಳ್ಳುತ್ತ, ಹಳದಿ ಲೋಡರ್, ಮನೆ ಬಾಗಿಲವರೆಗೆ. ಓಡಿಸುವವನು ಯದುಲ್ಲಾ, ಕೆಳಗಿನ ಪೇಟೆಯವನು. ಈಗಲೇ ವಾಪಸ್ಸು, ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಜಾಗ ಇದೆ ಎಂದು ಕೂಗಿ ಹೇಳಿದ. ನಾನು ಮೇಲಿನ ಕೋಣೆಗೆ ಓಡಿದೆ. ಬಟ್ಟೆ ತುರುಕಿದೆ, ಜಿಪ್ ಸಿಕ್ಕಿಕೊಂಡಿತು, ಹಲ್ಲಲ್ಲಿ ಎಳೆದೆ. ಬ್ಯಾಗ್ ಹೊತ್ತು ಇಳಿದು ಬಂದರೆ ಅಂಗಳದಲ್ಲಿ ಚಕ್ರದ ಗುರುತು ಮಾತ್ರ. ಲೋಡರ್ ತಿರುವಿನ ಆಚೆಗೆ ಹೋಗಿಯಾಗಿತ್ತು.

ಇರಜ್ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. "ಬನ್ನಿ ಅಂದ. ನಿಮಗ್ಯಾಕೆ ತೊಂದ್ರೆ ಅಂದೆ. ತೊಂದ್ರೆ ಏನಿಲ್ಲ ಅಂದ. ಬೇಡಿ ಬೇಡಿ ಅಂದೆ. ಮೂರನೇ ಸಲ ಕರೀತಾನೆ ಅಂದ್ಕೊಂಡಿದ್ದೆ..."

"ಕರೀಲಿಲ್ವಾ?"

"ಅಷ್ಟರಲ್ಲಿ ಪಕ್ಕದ್ಮನೆ ಹಾಜಿ ಸಫರ್ ಬಂದ್ರು ಹೆಂಡ್ತಿ ಜೊತೆ. ಮಾತಿಗೆ ಅಂತ, ನೀವು ಹೋಗಿ ಹಾಜಿ ಅಂದೆ. ಹತ್ತಿಬಿಟ್ರು."

ಮಾತಿಗೆ ಅಂತ! ನನ್ನ ಕೆಲಸ, ನನ್ನ ಶನಿವಾರ, ಎಲ್ಲ ಮಾತಿಗೆ ಅಂತ ದಾನ ಮಾಡಿ ಬಂದಿದ್ದಾನೆ ನನ್ನ ಮಹಾದಾನಿ. ಹಾಜಿಗೆ ಪೇಟೆಯಲ್ಲಿ ಏನು ಕೆಲಸವಂತೆ ಗೊತ್ತೇ? ತಂಬಾಕು!

ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಉಸಿರು ಕಾಣುತ್ತಿದೆ. ಕೆಳಗೆ ಹೋಗುವುದಿಲ್ಲ.

ಅದೇ ಸಂಜೆ

ಹೋದೆ. ಬೆರಳು ಮರಗಟ್ಟಿದವು. ಈ ಮನೆಯಲ್ಲಿ ಕೋಪಕ್ಕೂ ಕೆಂಡ ಬೇಕು. ಹೊರಗೆ ಮತ್ತೆ ಸುರಿಯುತ್ತಿದೆ, ದಾರಿ ಮುಚ್ಚುತ್ತಿದೆ. ಇರಜ್ ಆಕ್ರೋಟು ಬಿಡಿಸಿ ಬಿಡಿಸಿ ನನ್ನ ಮುಂದೆ ರಾಶಿ ಹಾಕಿದ. ಒಂದನ್ನೂ ಮುಟ್ಟಲಿಲ್ಲ.

ಬಹ್ಮನ್ 23, ಮಂಗಳವಾರ

ಮೂರು ದಿನದಿಂದ ಇವನ ಜೊತೆ ಮಾತಿಲ್ಲ.

ಇವತ್ತು ಅಜೀಜ್‌ಗೆ ನಾನೇ ಹೇಳಿಬಿಟ್ಟೆ. ಇಬ್ಬರೂ ಟರ್ನಿಪ್ ಹೆಚ್ಚುತ್ತಿದ್ದೆವು. ಶನಿವಾರ ಕೆಲಸಕ್ಕೆ ಸೇರಬೇಕು, ಇಲ್ಲದಿದ್ದರೆ ಕೆಲಸ ಇಲ್ಲ. ಅಷ್ಟೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಹಡಗಿಗೆ ದಾರಿ ಹೇಳೋ ಕೆಲ್ಸನಾ? ನೀನಾ?"

"ಹೂಂ."

"ಈ ದಡ್ಡ ನನಗ್ಯಾಕೆ ಹೇಳ್ಲಿಲ್ಲ?" ಚಾಕು ಕೆಳಗಿಟ್ಟರು. "ಕೇಳಿಲ್ಲಿ. ನಾನು ಕಜ್ವೀನ್ ಪಟ್ಟಣದವ್ಳು. ಮದುವೆಯಾದ ಚಳಿಗಾಲದಲ್ಲಿ ಈ ಮನೆಗೆ ಬಂದೆ, ಎಂಟು ದಿನ ಇದ್ದು ಹೋಗೋಕೆ. ನಮ್ಮತ್ತೆ, ಹಿಮ ಕರಗೋ ತನಕ ಇರಿ ಅಂದ್ಲು. ಇವನ ತಾತ ಆಗ್ಲಿ ಅಂದ. ಹಿಮ ಕರಗಿದ್ಮೇಲೆ, ಕೇಸರಿ ಹೂ ಬಿಡಿಸೋ ಹೊತ್ತಿಗೆ ಹೋಗೋಣ ಅಂದ. ಆಮೇಲೆ ತೂಬಾ ಹೊಟ್ಟೇಲಿ. ಆಮೇಲೆ ಅತ್ತೆಗೆ ಪಾರ್ಶ್ವವಾಯು."

"ವಾಪಸ್ ಹೋಗ್ಲೇ ಇಲ್ವಾ?"

"ಅಮ್ಮ ಸತ್ತಾಗ ಹೋಗಿದ್ದೆ."

ಮತ್ತೆ ಚಾಕು ಎತ್ತಿಕೊಂಡರು.  ಈ ಗೋಡೆ, ಈ ಕೆಂಡ, ಈ ಬೇಯುವ ಟರ್ನಿಪ್ಪಿನ ವಾಸನೆ — ಇಡೀ ಆಯಸ್ಸು! ಭಯವಾಯಿತು. ನಿಜಕ್ಕೂ ಭಯವಾಯಿತು.

ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಸುರಿದು ಅಜೀಜ್, "ಬ್ಯಾಗ್ ಬಿಚ್ಬೇಡ. ಬಾಗಿಲ ಹತ್ರ ಇಡು" ಅಂದರು.

ಬಹ್ಮನ್ 25, ಗುರುವಾರ, ಪೇಟೆಯ ಬಸ್ಸಿನಲ್ಲಿ

ಬಸ್ ಇನ್ನೂ ಹೊರಟಿಲ್ಲ. ಚಕ್ರಕ್ಕೆ ಸರಪಳಿ ಸುತ್ತುತ್ತಿದ್ದಾರೆ. ರಾತ್ರಿ ತೆಹ್ರಾನಿನಿಂದ ಬುಶೆಹ್ರ್ ಬಸ್ಸು ಸಿಕ್ಕರೆ ಶನಿವಾರಕ್ಕೆ ತೊಂದರೆಯಿಲ್ಲ. ಬೇಗ ಬೇಗ ಬರೆದುಬಿಡುತ್ತೇನೆ.

ಬೆಳಿಗ್ಗೆ ಯದುಲ್ಲಾ ಮತ್ತೆ ಬಂದ. ಈ ಸಲ ಕ್ಯಾಬಿನ್ನಿನಲ್ಲಿ ಒಂದೇ ಜಾಗ, ಉಳಿದ ಕಡೆಯೆಲ್ಲ ಖಾಲಿ ಗ್ಯಾಸ್ ಸಿಲಿಂಡರ್. ಸುಮ್ಮನೆ ಮರ್ಯಾದೆಗೆ ಕೇಳಿದ: "ಬನ್ನಿ ತಂಗಿ, ಪೇಟೆಗೆ ಬಿಡ್ತೀನಿ."

ಇರಜ್, "ಅಯ್ಯೋ, ನಿಮಗ್ಯಾಕೆ—" ಅನ್ನುವಷ್ಟರಲ್ಲಿ ನಾನು, "ಬರ್ತೀನಿ" ಅಂದೆ.

ಒಂದೇ ಸಲ. ಜೋರಾಗಿ.  ಯದುಲ್ಲಾನ ಮುಖ ನೋಡಬೇಕಿತ್ತು, ಪಾಪ! ನಿಜವಾಗಿ ಒಪ್ಪಿಕೊಳ್ಳುತ್ತಾಳೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತೂಬಾ ಅತ್ತೆ ಬಾಯಿಗೆ ತಲೆವಸ್ತ್ರದ ಚುಂಗು ಒತ್ತಿಕೊಂಡರು.

ಇರಜ್ ಪಿಸುಗುಟ್ಟಿದ: "ಹೀಗೆ ಮೊದಲ್ನೇ ಸಲಕ್ಕೇ ಹೂಂ ಅಂದ್ರೆ ಜನ ಏನಂತಾರೆ?"

"ಹೋದ್ಲು ಅಂತಾರೆ."

ಅಜೀಜ್ ಬ್ಯಾಗ್ ತಂದು ಕ್ಯಾಬಿನ್ನಿನೊಳಗೆ ಎಸೆದರು. ಪದ್ಧತಿಯಂತೆ ನನ್ನ ಹಿಂದೆ ಬಟ್ಟಲು ನೀರು ಚೆಲ್ಲಿದರು, ಬೇಗ ವಾಪಸ್ಸು ಬರಲಿ ಎಂದು. ಆಮೇಲೆ ಕಿಟಕಿಗೆ ಬಾಯಿಟ್ಟು, "ನೀರು ಚೆಲ್ಲಿದ್ದು ಬಾಯುಪಚಾರಕ್ಕೆ. ಹೋಗು, ಹಡಗು ಕಾಯ್ತಿರುತ್ತೆ" ಅಂದರು. ಕಣ್ಣು ಒದ್ದೆಯಾಗಿತ್ತು ಅವರದು. ನನ್ನದೂ.

ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಗಂಡನನ್ನು ಹಿಮದಲ್ಲಿ ಬಿಟ್ಟು ಬಂದ ಮದುಮಗಳು! ಕನ್ನಡಿಗೆ ಮಂಜು ಕಟ್ಟಿ ಹಿಂದೆ ಏನೂ ಕಾಣುತ್ತಿರಲಿಲ್ಲ. ಲೋಡರ್ ಆಮೆಯಂತೆ ಇಳಿಯಿತು. ನಡೆದುಕೊಂಡು ಬರುವವರೂ ಜೊತೆಗೇ ಬರಬಹುದಿತ್ತು...

ಬಂದಿದ್ದಾನೆ!

ಈಗಷ್ಟೇ ಬಸ್ ಹತ್ತಿದ. ಮೊಣಕಾಲವರೆಗೆ ಹಿಮ, ಗಡ್ಡದ ತುಂಬ ಹಿಮ. ಲೋಡರಿನ ಹಿಂದೆಯೇ ನಡೆದುಕೊಂಡು ಬಂದನಂತೆ. ನನ್ನ ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸು ಅರ್ಧ ಎದ್ದಳು. "ಗಂಡ ಹೆಂಡ್ತಿನಾ? ಬನ್ನಿ ತಮ್ಮ, ಇಲ್ಲಿ ಕೂತ್ಕೊಳ್ಳಿ." ಅರ್ಧವೇ ಎದ್ದಳು, ಬೇಡಿ ಅಂದರೆ ಕೂರುವ ಹಾಗೆ.

ಇವನ ಕೈ ಎದೆಗೆ ಹೋಯಿತು. ಆ ಕೈ ನನಗೆ ಗೊತ್ತು. "ನಿಮಗ್ಯಾಕೆ..." ಅಂದ. ನಾನು ಕಿಟಕಿ ಕಡೆ ತಿರುಗಿದೆ. ಇವನಿಗಾಗಿ ನಾನು ಮಾತಾಡುವುದಿಲ್ಲ, ಏನಾದರೂ ಆಗಲಿ.

"ಹೂಂ" ಅಂದ. ಕೂತುಬಿಟ್ಟ.

ಹೆಂಗಸು ಗೊಣಗುತ್ತ ಹಿಂದಿನ ಸೀಟಿಗೆ ಹೋದಳು. ಇವನ ಕಿವಿ ನಾಚಿಕೆಯಿಂದ ಕೆಂಪಗಾಗಿದೆ. ಮೈಯೆಲ್ಲ ನಡುಗುತ್ತಿದೆ. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ, ಇನ್ನೂ ಸ್ವಲ್ಪ ಹೊತ್ತು ಕೋಪ ಇರಲಿ. ಕೆಳಗೆ ನನ್ನ ಕಾಲಿಗೆ ಏನೋ ತಣ್ಣಗೆ ತಾಗುತ್ತಿದೆ, ಒದ್ದೆ ಕಾಲುಚೀಲ. ಮೆಲ್ಲಗೆ ಸವರುತ್ತಿದೆ. ಈ ಸಲ ಇವನದೇ—