ಗೋಪುರ ಕೈಚಾಚಿದ ಭಾನುವಾರ

ಪೋರ್ಟ್ ಇಸಬೆಲ್, ಟೆಕ್ಸಸ್
ಅಕ್ಟೋಬರ್ 17

ಪ್ರೀತಿಯ ನೆಲ್ಡಾ,

ನಾನು ಕ್ಷೇಮ. ನಿನ್ನ ಸೊಂಟ ಈಗ ಹೇಗಿದೆ? ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ. ತಪ್ಪು ನನ್ನದೇ, ಬೈದುಕೋ, ಆಮೇಲೆ ಓದು. ಅಕ್ಷರ ಕುಂಬಳಕಾಯಿ ಗಾತ್ರಕ್ಕಿದೆ ಎಂದು ನಗಬೇಡ.

ಗೋಪುರ ಹಿಡಿಯಿತು ಕಣೇ! ನಿನ್ನ ಮಗನ ಮನೆಯ ಟೀವಿಯಲ್ಲಿ ನೀನೂ ನೋಡಿರುತ್ತೀ. ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ರಾಕೆಟ್ಟಿನ ಕೆಳಭಾಗ ಮೇಲೆ ಹೋಗಿ, ತಿರುಗಿ ಬಂದು, ಹಾರಿದ ಜಾಗದಲ್ಲೇ ಗೋಪುರದ ಎರಡು ಕೈಗಳ ನಡುವೆ ನಿಂತಿತು. ನೀನು ಇಲ್ಲಿದ್ದಾಗಿನಿಂದ ಮಡಚು ಕುರ್ಚಿ ಹಾಕಿಕೊಂಡು ರಸ್ತೆ ಬದಿಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ನಾವು ಆಡಿದ ಜಗಳ ಇದೊಂದೇ ತಾನೆ? ಒಹಾಯೋದಿಂದ ಕ್ಯಾಮೆರಾ ಹೊತ್ತು ಬಂದು ಇಲ್ಲೇ ಬೇರು ಬಿಟ್ಟಿರುವ ಡ್ಯೂಯಿ ಕಳೆದ ತಿಂಗಳೂ ಅದನ್ನೇ ಹೇಳಿದ. "ಕಾಲೇ ಇಲ್ದೆ ಇಳಿಯೋದು ಅಂದ್ರೇನಜ್ಜಿ? ಮೊದಲ್ನೇ ಸಲ ಗೋಪುರಾನೇ ಕೆಡವುತ್ತೆ ನೋಡ್ತಿರಿ. ಇಲ್ದಿದ್ರೆ ಈ ಗಡ್ಡ ಬೋಳಿಸ್ತೀನಿ."

"ಕಾಲು ಹೊತ್ಕೊಂಡು ಹೋದ್ರೆ ಭಾರ ಜಾಸ್ತಿ, ಸರಕು ಕಮ್ಮಿ. ತಲೆ ಉಪಯೋಗಿಸೋ. ಕತ್ತರಿ ಇಟ್ಕೊಂಡಿರು," ಎಂದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಊರೆಲ್ಲ ದಡದಲ್ಲಿತ್ತು. ಅದು ಇಳಿಯುವಾಗಿನ ಗುಡುಗು ಎದೆಗೇ ಬಡಿಯಿತು. ಗುರುತಿಲ್ಲದವರೆಲ್ಲ ಅಪ್ಪಿಕೊಂಡರು. ಡ್ಯೂಯಿ ಮರಳಲ್ಲಿ ಕುಕ್ಕರಿಸಿ ಮಗುವಿನ ಹಾಗೆ ಅತ್ತ. ಮಾತಿಗೆ ತಪ್ಪದೆ ಮಾರನೆಯ ದಿನ ಗಡ್ಡ ಬೋಳಿಸಿಕೊಂಡು ಟಾಕೋ ಅಂಗಡಿಗೆ ಬಂದ. ಅವನ ಗಲ್ಲವನ್ನು ಎರಡೂ ಕೈಯಲ್ಲಿ ಸವರಿ, "ಅಯ್ಯೋ ಪಾಪ, ಪುಕ್ಕ ಕಿತ್ತ ಕೋಳಿ!" ಎಂದೆ. ಅಂಗಡಿಯೇ ನಕ್ಕಿತು.

ಆಗಸ್ಟ್ ತಿಂಗಳಲ್ಲಿ ಮಾತ್ರ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. ಇಂಧನ ತುಂಬಿದಾಗ ಅದರ ತಣುಪಿಗೆ ರಾಕೆಟ್ಟಿನ ಉಕ್ಕಿನ ಮೇಲೆ ಹಿಮ ಏರುತ್ತದಲ್ಲ, ಅದನ್ನು ನೋಡಿಯೇ ನಾವು ಹಾರುವ ಹೊತ್ತು ಲೆಕ್ಕ ಹಾಕುವುದು. ಬೈನಾಕ್ಯುಲರ್ ಯಾರ ಕೈಯಲ್ಲಿದೆಯೋ ಅವರು ಕೂಗಬೇಕು, ಉಳಿದವರು ನಂಬಬೇಕು. ಆ ದಿನ ನನ್ನ ಸರದಿ. "ಕುತ್ತಿಗೆವರೆಗೂ ಬಿಳಿ!" ಎಂದು ಕೂಗಿಬಿಟ್ಟೆ. ಡ್ಯೂಯಿ ಅದನ್ನು ಇಂಟರ್ನೆಟ್ಟಿನಲ್ಲಿ ಜಗತ್ತಿಗೆಲ್ಲ ಸಾರಿದ. ಜನ ಅಂಗಡಿ ಮುಚ್ಚಿ ಓಡಿ ಬಂದರು. ಅಲ್ಲಿ ಇಂಧನ ತುಂಬಲು ಶುರುವೇ ಮಾಡಿರಲಿಲ್ಲ.

"ಅದು ಬರೀ ಉಕ್ಕಿನ್ ಮೇಲೆ ಬಿಸಿಲು ಅಜ್ಜೀ!" ಎಂದ ಡ್ಯೂಯಿ.

"ತುಂಬಿದ್ರು, ಆಮೇಲೆ ಬಸಿದ್ರು. ನಿಂಗೇನೋ ಗೊತ್ತು?" ಎಂದು ಜೋರು ಮಾಡಿದೆ. ಅಂದಿನಿಂದ ಬೈನಾಕ್ಯುಲರ್ ನನ್ನನ್ನು ದಾಟಿ ಪಕ್ಕದವರ ಕೈಗೆ ಹೋಗುತ್ತದೆ. ಕೊಡಿ ಎಂದು ಬೇಡುವವಳಲ್ಲ ನಾನು. ಕುರ್ಚಿಯನ್ನು ಮಾತ್ರ ಒಂದಿಂಚೂ ಸರಿಸಿಲ್ಲ.

ನನ್ನ ಮಗ ರೊಲಾಂಡೋನದು ಅದೇ ರಾಗ. "ಅಮ್ಮಾ, ಈ ವಯಸ್ಸಲ್ಲಿ ರಸ್ತೆ ಬದಿ ಕೂತು ರಾಕೆಟ್ ಕಾಯೋದೂ ಒಂದು ಬದುಕಾ? ಸುಮ್ನೆ ಸ್ಯಾನ್ ಆಂಟೋನಿಯೋಗೆ ಬಂದ್ಬಿಡು."

"ಅದು ಎಷ್ಟು ಸಲ ಸಿಡಿದು ಸಮುದ್ರಕ್ಕೆ ಬಿತ್ತು, ಅವ್ರು ಇನ್ನೊಂದು ತಂದು ನಿಲ್ಲಿಸ್ಲಿಲ್ವಾ? ನಾನು ಒಂದ್ಸಲಾನೂ ಸಿಡಿದಿಲ್ಲ. ಫೋನ್ ಇಡು!" ಎಂದೆ.

ಇಷ್ಟು ಸಾಕು. ಗ್ವಾದಲೂಪೆಯ ದೇವಮಾತೆ ನಿನ್ನ ಸೊಂಟವನ್ನೂ ಮೊಮ್ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಒರಾಲಿಯಾ

ತಾ.ಕ.: ಬಾಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇಸಿಗೆಯಿಂದ ನನ್ನ ಎರಡೂ ಕಣ್ಣು ಹೋಗುತ್ತಿವೆ, ನೆಲ್ಡಾ. ಯಾವುದನ್ನು ನೋಡಲು ಹೋಗುತ್ತೇನೋ ಅದೇ ಮಾಯ, ಸುತ್ತಲಿನದು ಮಾತ್ರ ಉಳಿಯುತ್ತದೆ. ಇನ್ನು ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ನಿನ್ನ ಕಾಗದಗಳನ್ನು ಒಡೆದೇ ಇಲ್ಲ. ರೊಲಾಂಡೋಗೆ ಗೊತ್ತಾದರೆ ಆ ಸಂಜೆಯೇ ಬಂದು ನನ್ನನ್ನು ಕಾರಿಗೆ ಹತ್ತಿಸುತ್ತಾನೆ, ಆದ್ದರಿಂದ ಬಾಯಿ ಬಿಟ್ಟೆಯೋ ಜೋಕೆ. ಭಾನುವಾರ ನನಗೆ ಕಂಡದ್ದು ಬೆಂಕಿಯ ಒಂದು ಅಂಚು. ಆಮೇಲೆ ಜನ ಕೂಗಿದರು. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ. ಇಷ್ಟು ವರ್ಷ ಕಾದದ್ದನ್ನು ನಾನು ನೋಡಲಿಲ್ಲ ಕಣೇ. ಇಲ್ಲಿ ಯಾರನ್ನು ಕೇಳಲಿ? ನೀನು ಫೋನ್ ಮಾಡು. ಎಷ್ಟು ಓರೆಯಾಗಿ ಬಂತು, ಎಲ್ಲಿ ನೆಟ್ಟಗಾಯಿತು, ಆ ಕೈಗಳು ಯಾವಾಗ ಮುಚ್ಚಿದವು, ಒಂದನ್ನೂ ಬಿಡದೆ ಹೇಳು. ಮುಂದಿನ ಸಲ ಡ್ಯೂಯಿಯ ಜೊತೆ ಜಗಳವಾಡಲು ನನಗೆ ಅದೆಲ್ಲ ಬೇಕು.