ಟೈರಿಗೆ ಹಾಲು

ಪ್ರೀತಿಯ ಅಣ್ಣ,

ರಾತ್ರಿ ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಬುಸ್ ಎಂಬ ಸದ್ದು. ಪಾಂಡವಪುರದ ಈ ಮನೆಯ ಹಿಂದೆ ಕಬ್ಬಿನ ಗದ್ದೆ. ಹಾವೆಂದುಕೊಂಡು ಮೊದಲು ಮಗುವನ್ನು ಎತ್ತಿಕೊಂಡೆ. ದೀಪ ಹಾಕಿದರೆ, ಗೋಡೆಗೆ ಒರಗಿದ್ದ ನಿನ್ನ ರೋಡ್ ಸೈಕಲ್ಲು. ಹಿಂದಿನ ಟೈರಿಗೆ ಉಗುಳು ಸವರಿದೆ, ಗುಳ್ಳೆ ಎದ್ದಿತು. ನೀನು ತೀರಿಹೋದ ಮೇಲೆ ಅದನ್ನು ನನ್ನ ಗಂಡ ಓಡಿಸುತ್ತಿದ್ದಾರೆ. ಇದು ನಿನಗೆ ಗೊತ್ತಿಲ್ಲದ ಸುದ್ದಿ. ಮಗು ಹುಟ್ಟಿದ್ದೂ.

ನೀನು ಟ್ಯೂಬ್‌ಲೆಸ್ ಟೈರು ಹಾಕಿಸಿದ ಹೊಸತರಲ್ಲಿ ಕೆ.ಆರ್. ಪೇಟೆಯ ಪಂಕ್ಚರ್ ಅಂಗಡಿಯವನು ಟೈರು ಬಿಚ್ಚಿ, ಒಳಗಿನ ಬಿಳಿ ದ್ರವವನ್ನೆಲ್ಲ ನೆಲಕ್ಕೆ ಚೆಲ್ಲಿ, "ಯಾರೋ ಟ್ಯೂಬ್ ಕದ್ಬುಟ್ಟವ್ರೆ ಸಾ!" ಎಂದದ್ದು ನೆನಪಿದೆಯೇ? "ಲೇ, ನೀನ್ ಚೆಲ್ಲಿದ್ದು ಆಲು ಕಣ್ಲಾ! ತೂತು ಬಿದ್ರೆ ಅದೇ ಎಪ್ಪುಗಟ್ಟಿ ಮುಚ್ಕತದೆ" ಎಂದು ನೀನು ತಲೆ ಚಚ್ಚಿಕೊಂಡಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಹಾಲು.

ಬೇಸಿಗೆಯಲ್ಲಿ ನೀನು ಎಷ್ಟು ಸಲ ಹೇಳುತ್ತಿದ್ದೆ: "ಬಿಸ್ಲಿಗೆ ಒಣಗೋಯ್ತದೆ ಕಣವ್ವ, ಆಗಾಗ ಕುಡಿಸ್ತಾ ಇರ್ಬೇಕು." ಈ ಮಾತನ್ನು ಇವರಿಗೆ ಹೇಳಿದರೆ, "ಟ್ಯೂಬೇ ಇಲ್ಲ ಅಂದ್ಮೇಲೆ ಪಂಕ್ಚರ್ ಎಲ್ಲಿಂದ ಬತ್ತದೆ? ಸೈಕಲ್‌ಗೂ ಬಾಣಂತನ ಮಾಡ್ತೀಯಾ?" ಎಂದು ನಕ್ಕರು.

ಶ್ರೀರಂಗಪಟ್ಟಣದ ಮನೆಯ ಜಗಲಿಯಲ್ಲಿ ನೀನು ಹಾಲು ಹಾಕುವಾಗ ಚಕ್ರ ಹಿಡಿಯುತ್ತಿದ್ದವಳು ನಾನೇ. ಈಗ ಹಾಗೆಯೇ ಮಾಡಿದೆ. ಉಳಿದ ಗಾಳಿ ಬಿಟ್ಟು, ವಾಲ್ವಿನ ಒಳಗಿನ ಪಿನ್ನು ತಿರುಗಿಸಿ ತೆಗೆದೆ. ನೀನು ಬಿಟ್ಟುಹೋದ ಹಾಲಿನ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಮಗುವಿಗೆ ಔಷಧಿ ಹಾಕುವ ಸಿರಿಂಜಿನಿಂದ ಒಳಗೆ ಬಿಟ್ಟೆ. ಗಾಳಿ ಹೊಡೆದು ಚಕ್ರ ತಿರುಗಿಸಿ, ಅತ್ತ ಒಂದಿಷ್ಟು ಹೊತ್ತು, ಇತ್ತ ಒಂದಿಷ್ಟು ಹೊತ್ತು ಮಲಗಿಸಿದೆ. ಸದ್ದು ನಿಂತಿತು. ಟೈರು ಗಟ್ಟಿಯಾಗಿದೆ.

ಆದರೆ ಹಾಲು ಹಾಕಿ ಕೈ ಒರೆಸಿಕೊಳ್ಳುತ್ತಾ ನೀನು ಇನ್ನೊಂದು ಮಾತು ಹೇಳುತ್ತಿದ್ದೆ… ತಕ್ಷಣ ಓಡಿಸಬೇಕು ಎಂದೋ, ಒಂದು ದಿನ ಮುಟ್ಟಲೇಬಾರದು ಎಂದೋ? ಐದಕ್ಕೆ ಇವರು ಇದೇ ಸೈಕಲ್ಲಿನಲ್ಲಿ ಮೇಲುಕೋಟೆಗೆ ಹೊರಡುತ್ತಾರೆ. ಹತ್ತುವುದಕ್ಕೆ ಹೆದರಿಕೆಯಿಲ್ಲ, ಅಣ್ಣ. ಇಳಿಯುವಾಗ ಬೆಟ್ಟದ ಆ ತಿರುವಿನಲ್ಲಿ ಗಾಳಿ ಹೋದರೆ… ನಾನು ತಡೆದರೆ "ನಿಂಗೆ ನೆಳ್ಳು ಕಂಡ್ರೂ ದಿಗಿಲು" ಎನ್ನುತ್ತಾರೆ. ಅಣ್ಣ ಹೇಳಿದ್ದ ಎಂದರೆ ನಿಲ್ಲುತ್ತಾರೆ. ಹೇಳದೆ ಇದ್ದುದನ್ನು ನಿನ್ನ ಹೆಸರಿನಲ್ಲಿ ಹೇಗೆ ಹೇಳಲಿ?

ಬೆಳಗಾಗುವುದರೊಳಗೆ ಒಂದು ಫೋನು ಮಾಡಣ್ಣ. ಮಗು ಎದ್ದರೂ ಪರವಾಗಿಲ್ಲ, ಮಲಗಿಸಿಕೊಳ್ಳುತ್ತೇನೆ. ಕ್ಷೇಮಸಮಾಚಾರ ಏನೂ ಬೇಡ. ಓಡಿಸಬಹುದು, ಓಡಿಸಬಾರದು, ಎರಡರಲ್ಲಿ ಒಂದು ಹೇಳಿ ಇಟ್ಟುಬಿಡು.