ಸ್ಕೂಟರ್ ನಿಂತ ಮನೆ

ಚಿಕ್ಕಬಳ್ಳಾಪುರ
2 ಫೆಬ್ರವರಿ 2025, ಭಾನುವಾರ

ಪ್ರೀತಿಯ ವಾಸಿಫ್,

ಸಲಾಂ. ಗೌರಿಬಿದನೂರಿನ ಹೊಸ ರೂಮಿಗೆ ನೀರು ಸರಿಯಾಗಿ ಬರುತ್ತಿದೆಯೇ? ಮೂರು ವಾರದಿಂದ ನೀನು ಕೇಳುತ್ತಿರುವುದು ಒಂದೇ ಮಾತು: ಶಿಡ್ಲಘಟ್ಟದವರು ಜಬೀನ್‌ಳನ್ನು ನಿನಗೆ ಕೊಡಲು ಒಪ್ಪಿದರೋ ಇಲ್ಲವೋ. ಉತ್ತರ ತಡಮಾಡಿದ್ದು ನನ್ನದೇ ತಪ್ಪು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ವಾಯ್ಸ್ ಮೆಸೇಜುಗಳನ್ನು ನೀನು ಎರಡರಷ್ಟು ವೇಗದಲ್ಲಿ ಕೇಳುತ್ತೀಯ ಎಂಬುದು ನನಗೆ ಗೊತ್ತಿದೆ.

ಅವರು ಬೇಡ ಎಂದಿಲ್ಲ. ಸಂಬಂಧ ನಿಂತಿರುವುದು ನನ್ನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನ ಸ್ಕೂಟರಿನಿಂದ.

ಸಾವು, ಅಪಘಾತ ಕಂಡ ಮನೆಗಳಿಗೆ ಹೋಗಿ ಕೂತು ಮಾತಾಡುವುದು ನನ್ನ ಕೆಲಸ ಎಂದು ಸುತ್ತಿನ ನಾಲ್ಕು ತಾಲ್ಲೂಕಿಗೂ ತಿಳಿದಿದೆ. ನನ್ನ ಹಳದಿ ಸ್ಕೂಟರೂ ತಿಳಿದಿದೆ. ಜನವರಿ ಹನ್ನೆರಡರಂದು ಹುಡುಗಿಯ ಮನೆಗೆ ಹೋದವಳು ಅದನ್ನು ಬಾಗಿಲ ಮುಂದೆಯೇ ನಿಲ್ಲಿಸಿದೆ. ಮುಕ್ಕಾಲು ಗಂಟೆಯಾಗಿರಬೇಕು, ಎದುರು ಮನೆಯ ಮಜರ್ ಸಾಹೇಬರು ದೊಡ್ಡ ಪಾತ್ರೆ ತುಂಬ ಖಿಚಡಿ ಹಿಡಿದು ಒಳಗೆ ಬಂದರು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ಊಟ ಅಕ್ಕಪಕ್ಕದ್ದೇ ತಾನೆ.

"ಲಾಲ್ ಬಾಷಾಗೆ ಏನಾಯ್ತಮ್ಮ? ನಿನ್ನೆ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಚೆನ್ನಾಗೇ ಇದ್ರು" ಎಂದು ನನ್ನನ್ನು ಕೇಳಿದರು.

ಹುಡುಗಿಯ ತಂದೆ ಲಾಲ್ ಬಾಷಾ ಹಿಂದಿನ ರೇಷ್ಮೆ ಷೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಈಗ್ಲೂ ಚೆನ್ನಾಗೇ ಇದ್ದೀನಲ್ಲ" ಎಂದರು.

ಮಜರ್ ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಅಮ್ಮನಾ?"

"ಇಲ್ಲೇ ಇದ್ದೀನಪ್ಪ" ಎಂದರು ಒಳಗಿನಿಂದ ಹುಡುಗಿಯ ಅಜ್ಜಿ ಶಹಜಾದಿ.

"ಇಬ್ರೂ ಇದ್ದೀರಾ?" ಎಂದ ಮಜರ್ ದನಿಯಲ್ಲಿ ಸಂತೋಷಕ್ಕಿಂತ ಖಿಚಡಿಯ ಚಿಂತೆ ಹೆಚ್ಚಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಟೋಪಿ ಹಾಕಿಕೊಂಡ ಹನ್ನೊಂದು ಜನ ಸೇರಿದ್ದರು. ಅವರಲ್ಲೊಬ್ಬರು ಗೋರಿ ತೋಡುವವನಿಗೆ ಫೋನು ಮಾಡಿಯೂ ಆಗಿತ್ತು. ಅಜ್ಜಿ ಬಂದು ಖಿಚಡಿಯನ್ನು ಒಂದು ತುತ್ತು ತಿಂದು ನೋಡಿದರು.

"ಉಪ್ಪು ಕಮ್ಮಿ. ನಾನು ಹೋದಾಗ್ಲೂ ಹಿಂಗೇ ಮಾಡಿ ಕಳಿಸ್ತೀರೇನಯ್ಯ?"

ಜಬೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಹುಡುಗಿ ಒಳ್ಳೆಯವಳು ಎಂದು ನಾನು ತೀರ್ಮಾನಿಸಿದ್ದು ಆಗಲೇ. ಆದರೆ ಲಾಲ್ ಬಾಷಾ ಮುಖ ಸಪ್ಪಗಾಗಿತ್ತು. ಮದುವೆ ಮಾತಿನ ದಿನ ಮನೆಗೆ ಸಾವಿನ ಊಟ ಬಂದರೆ ಯಾರಿಗೆ ಚೆನ್ನಾಗಿರುತ್ತದೆ?

ಎಲ್ಲರೂ ಹೋದ ಮೇಲೆ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಲೋಕದಲ್ಲಿ ಇಷ್ಟು ಕೆಲಸ ಇರೋವಾಗ ಇದನ್ನೇ ಯಾಕೆ ಹಿಡಿದೆಯಮ್ಮ? ಸರಿಯಾಗಿ ಹೇಳು. ಆಮೇಲೆ ಹುಡುಗಿ ಮಾತು."

ನಾನು ಅಂಬರೀಶನ ಕತೆ ಹೇಳಿದೆ. ಮೊದಲು ನಾನು ಕಾಲೇಜಿನಲ್ಲಿ ಯಾವ ಕೋರ್ಸ್ ಸೇರಬೇಕೆಂದು ಹೇಳುವ ಕೌನ್ಸೆಲರ್ ಆಗಿದ್ದೆನಲ್ಲ, ಆಗಿನದು. ಎದುರು ಕೂತ ಹುಡುಗ, "ಮೇಡಂ, ನಮ್ಮಪ್ಪ ತೀರ್ಕೊಂಡು ಎಂಟು ದಿನ ಆಯ್ತು" ಎಂದ. ನಾನು ಫಾರಂ ನೋಡಿಕೊಂಡು, "ಹಾಗಾದರೆ ಹಾಸ್ಟೆಲ್ ಇರೋ ಕೋರ್ಸ್ ಒಳ್ಳೆಯದು" ಎಂದೆ. ಅವನು ನಕ್ಕ, ಆಮೇಲೆ ಅತ್ತ. ಕೊಡಲು ನನ್ನ ಬಳಿ ಕರವಸ್ತ್ರವೂ ಇರಲಿಲ್ಲ. ಒಂದು ನರ್ಸಿಂಗ್ ಕಾಲೇಜಿನ ಬಣ್ಣದ ಕರಪತ್ರದಲ್ಲಿ ಮುಖ ಒರೆಸಿಕೊಂಡ, ಕೆನ್ನೆಗೆಲ್ಲ ನೀಲಿ ಹತ್ತಿತು. ಆ ವರ್ಷವೇ ನಾನು ಈ ತರಬೇತಿಗೆ ಸೇರಿದೆ.

ಕೆಂಚಾರ್ಲಹಳ್ಳಿಯ ಕೊಂಡಮ್ಮನ ವಿಷಯವನ್ನೂ ಹೇಳಿದೆ. ಗಂಡ ಹೋಗಿ ಐದನೆಯ ದಿನ ನಾನು ಪ್ರಶ್ನೆಗಳ ಪಟ್ಟಿ ಹಿಡಿದು ಹೋದರೆ, "ಅಳಾಕೆ ಪುರುಸೊತ್ತಿಲ್ಲಮ್ಮ, ಹುಳ ಹಣ್ಣಾಗೈತೆ. ಕಾಲು ತೊಳ್ಕೊಂಡು ಬಾ" ಎಂದು ನನ್ನನ್ನೇ ಕೆಲಸಕ್ಕೆ ಹಚ್ಚಿದಳು. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುಗಳನ್ನು ಮೂರು ಗಂಟೆ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟೆ. ಕೊನೆಯ ಚಂದ್ರಿಕೆ ತುಂಬಿದ ಮೇಲೆ ಅವಳು ಅಲ್ಲೇ ಕುಸಿದು ಅತ್ತಳು. ನಾನು ಪಟ್ಟಿ ತೆಗೆಯಲಿಲ್ಲ.

ಅಜ್ಜಿ ಎಲ್ಲ ಕೇಳಿ, "ಇವೆಲ್ಲ ಆಮೇಲಿನ ಕಾರಣ. ಮೊದಲನೇದು ಹೇಳು" ಎಂದರು. ನಾನು ಸ್ಕೂಟರಿನ ಕೀಲಿ ಹುಡುಕತೊಡಗಿದೆ. "ಬೇಗ ಏನಿಲ್ಲ, ಹೇಳೋ ದಿನ ಬಾ. ಸ್ಕೂಟರ್ ಮಾತ್ರ ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಬಾ" ಎಂದರು. ಮಾತು ಅಲ್ಲಿಗೇ ನಿಂತಿದೆ.

ಅಬ್ಬಾಗೆ ಸಕ್ಕರೆ ನೂರ ನಲವತ್ತಕ್ಕೆ ಇಳಿದಿದೆ, ಕದ್ದು ಜಿಲೇಬಿ ತಿಂದ ವಾರವನ್ನು ಬಿಟ್ಟರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆ ತುಂಬಿರಲಿ, ನಗುವುದಕ್ಕೆ ಅದರಲ್ಲಿ ಸದಾ ಯಾರಾದರೂ ಇರಲಿ.

ನಿನ್ನ ಅಕ್ಕ,
ಮುಸರ್ರತ್

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ತಂದೆ. ಅಮ್ಮಿ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದದ್ದು ಬೆಳಿಗ್ಗೆ ಏಳಕ್ಕೆ. ನಿನಗೆ ಎಂಟು, ನನಗೆ ಹದಿನಾಲ್ಕು. ನಾನು ನಿನಗೆ ತಲೆ ಬಾಚಿ, ಏನೂ ಹೇಳದೆ ಸ್ಕೂಲಿಗೆ ಕಳಿಸಿದೆ. ಸಂಜೆ ನೀನು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮಗನಾಗಿ ಮೂರು ಹಿಡಿ ಮಣ್ಣು ಹಾಕುವುದು ನಿನಗೆ ಸೇರಿದ್ದು, ಅದನ್ನು ನಾನು ತಪ್ಪಿಸಿದೆ. ನಿನ್ನನ್ನು ಸ್ಕೂಲಿಗೆ ಕಳಿಸಲು ಅಬ್ಬಾ ಹೇಳಿದ್ದೆಂದು ನೀನು ಇವತ್ತಿನವರೆಗೂ ತಿಳಿದಿದ್ದೀಯ. ಹಾಗೆ ತೀರ್ಮಾನಿಸಿದ್ದು ನಾನು. ನೀನು ಅಳಲು ಶುರುಮಾಡಿದಾಗ "ಅಳಬೇಡ" ಎಂದವಳೂ ನಾನೇ. ನೀನು ಬಾಯಿ ಮುಚ್ಚಿಕೊಂಡೆ, ಆಮೇಲೆ ಒಮ್ಮೆಯೂ ಅತ್ತಿಲ್ಲ. ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು, ಅಳಬೇಡ ಎಂಬ ಆ ಮಾತನ್ನು ಮತ್ತೆ ಯಾರಿಗೂ ಹೇಳಿಲ್ಲ. ಜಬೀನ್‌ಳ ಅಜ್ಜಿ ಕೇಳಿದ ಮೊದಲನೆಯ ಕಾರಣ ಇದು; ಅವರಿಗೆ ಹೇಳಲೋ ಬೇಡವೋ, ನೀನೇ ತಿಳಿಸು. ಆದರೆ ಮೊದಲು ನನ್ನನ್ನು ಬೈಯುವುದಿದ್ದರೆ ಬಂದು ಬೈಯಿ. ಬರುವ ಭಾನುವಾರ ಪೂರ್ತಿ ಮನೆಯಲ್ಲಿರುತ್ತೇನೆ, ಬೇರೆ ಯಾರಿಗೂ ಸಮಯ ಕೊಟ್ಟಿಲ್ಲ.